ಎಲೆ ತೋಟದ ಎಡಗೈ ಗಂಟು

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಗಾಳಿ, ಸತ್ತವರು ತಿರುಗಾಡುವುದು ಇವನ್ನೆಲ್ಲ ನಾನು ನಂಬಿದವನಲ್ಲ. ನಂಬುವವರನ್ನು ಕಂಡರೆ ನಗುತ್ತಿದ್ದೆ. ಸಿಂದಗಿಯ ಶಾಲೆಯಲ್ಲಿ ನಾನು ಮಾಸ್ತರ. ಹಿಂದಿನ ಹುಣಸೆ ಮರದಲ್ಲಿ ಏನೋ ಇದೆ ಎಂದು ಹುಡುಗರು ಗುಸುಗುಸು ಮಾಡಿದಾಗ ಇಡೀ ತರಗತಿಯನ್ನು ಆ ಮರದ ಕೆಳಗೇ ಕೂರಿಸಿ ಮಗ್ಗಿ ಹೇಳಿಸಿದ್ದೆ. ಆ ಸುದ್ದಿ ಬೀಗರ ಊರಿನವರೆಗೂ ಹೋಗಿತ್ತು. ಅದೇ ಸುದ್ದಿಯನ್ನು ಮುಂದೆ ನನ್ನ ಮೇಲೇ ತಿರುಗಿಸುತ್ತಾರೆ ಎಂದು ಆಗ ಯಾರಿಗೆ ಗೊತ್ತಿತ್ತು?

ಇವತ್ತಿಗೂ ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಕೇಳಿ ಹೆದರಬೇಡಿ, ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ನಡೆದದ್ದು ಹಾಡಹಗಲಲ್ಲಿ. ನನಗೆ ಬಂದದ್ದು ಸಿಟ್ಟು, ಅದು ಇನ್ನೂ ಇಳಿದಿಲ್ಲ.

ನನ್ನ ಅಕ್ಕ ಹಲೀಮಾಳನ್ನು ಮುದ್ದೇಬಿಹಾಳದ ಆಚೆ, ಕೃಷ್ಣೆಯ ಕಡೆಗೆ ಇಳಿಯುವ ದಾರಿಯ ಒಂದು ಊರಿಗೆ ಕೊಟ್ಟಿದ್ದರು. ಊರಿನ ಹೆಸರು ಬೇಡ, ಅಲ್ಲಿ ಇನ್ನೂ ಬದುಕಿರುವವರಿದ್ದಾರೆ. ಸಿಂದಗಿಯಿಂದ ಬಸವನ ಬಾಗೇವಾಡಿಗೆ ಒಂದು ಬಸ್ಸು, ಅಲ್ಲಿ ಬೇವಿನ ಗಿಡದ ಕೆಳಗೆ ಕಾದು ಮುದ್ದೇಬಿಹಾಳಕ್ಕೆ ಇನ್ನೊಂದು, ಅಲ್ಲಿಂದ ಮುಂದೆ ಸಿಕ್ಕಿದ ಚಕ್ಕಡಿ. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಬೋರ್ಡುಗಳ ಬಣ್ಣ ಬದಲಾಗಿತ್ತು, ರಸ್ತೆಯ ಧೂಳು ಹಾಗೇ ಇತ್ತು.

ದಾರಿಯುದ್ದಕ್ಕೂ ಕರಿ ಎರೆಭೂಮಿ, ಬೇಸಿಗೆಯಲ್ಲಿ ಬಾಯಿ ಬಿಟ್ಟು ಬಿದ್ದಿರುತ್ತಿತ್ತು. ಕಣ್ಣಿಗೆ ಒಂದು ಹಸಿರು ಕಡ್ಡಿ ಸಿಗುತ್ತಿರಲಿಲ್ಲ. ಆ ಊರಿನ ಹಳ್ಳದ ದಂಡೆಗೆ ಬಂದರೆ ಮಾತ್ರ ಒಮ್ಮೆಲೇ ಕಣ್ಣು ತಣ್ಣಗಾಗುತ್ತಿತ್ತು. ಸಾಲು ಸಾಲು ಎಲೆ ತೋಟಗಳು. ಚೊಗಚಿ, ನುಗ್ಗೆ ಗಿಡಗಳನ್ನು ಒತ್ತೊತ್ತಾಗಿ ಬೆಳೆಸಿ, ಅವುಗಳ ಮೈಗೆ ವೀಳ್ಯದೆಲೆ ಬಳ್ಳಿ ಹಬ್ಬಿಸಿ, ಸುತ್ತ ಮುಳ್ಳುಬೇಲಿ ಹಾಕಿರುತ್ತಿದ್ದರು. ಒಳಗೆ ಕಾಲಿಟ್ಟರೆ ಹೊರಗಿನ ಸೀಮೆಯೇ ಮರೆತುಹೋಗುತ್ತಿತ್ತು. ನೆಲ ತೇವ, ಬೆಳಕು ಹಸಿರು, ಮೂಗಿಗೆ ಎಲೆಯ ಖಾರದ ಘಾಟು. ಹಿಂದೂ ಇರಲಿ ಮುಸಲ್ಮಾನ ಇರಲಿ, ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಸಾವಿನ ಮನೆಯವರು ದಿನ ತುಂಬುವವರೆಗೆ ಬಳ್ಳಿ ಮುಟ್ಟಬಾರದು. ಬಳ್ಳಿ ಬಲು ನಾಜೂಕು, ಮುನಿಸಿಕೊಂಡರೆ ಒಂದೇ ವಾರದಲ್ಲಿ ಕೊಳೆತುಹೋಗುತ್ತದೆ ಎನ್ನುತ್ತಿದ್ದರು.

ಅಕ್ಕನ ಗಂಡ ಮೌಲಾಸಾಬನಿಗೆ ಎಲ್ಲ ಕೆಲಸಕ್ಕೂ ಎಡಗೈ. ಅಂಥವರನ್ನು ನಮ್ಮ ಕಡೆ ರೊಡ್ಡ ಎನ್ನುತ್ತಾರೆ. ಊರಿಗೆಲ್ಲ ಅವನು ರೊಡ್ಡ ಮೌಲಾ. ಎಲೆ ತೋಟದಲ್ಲಿ ಮುಖ್ಯ ಕೆಲಸವೇ ಕಟ್ಟುವುದು. ಬಳ್ಳಿಯ ಕುಡಿ ಮೇಲೇರಿದಂತೆ ನೀರಲ್ಲಿ ನೆನೆಹಾಕಿದ ಆಪಿನ ಹುಲ್ಲಿನಿಂದ ಗಿಡದ ಕಾಂಡಕ್ಕೆ ಕಟ್ಟುತ್ತ ಹೋಗಬೇಕು. ಬಿಗಿಯಾದರೆ ಬಳ್ಳಿ ಸಾಯುತ್ತದೆ, ಸಡಿಲಾದರೆ ಜೋತುಬೀಳುತ್ತದೆ. ಎಲ್ಲರ ಗಂಟಿನ ಬಾಲ ಬಲಕ್ಕೆ ಬಂದರೆ ಅವನದು ಎಡಕ್ಕೆ ಬರುತ್ತಿತ್ತು, ಸುತ್ತೂ ಉಲ್ಟಾ. ಹತ್ತು ಜನ ಕಟ್ಟಿದ ಸಾಲಿನಲ್ಲಿ ಅವನ ಗಂಟನ್ನು ಕುರುಡನೂ ಮುಟ್ಟಿ ಹೇಳಬಹುದಿತ್ತು. ಗಂಟು ಹಾಕಿದ ಮೇಲೆ ಕಾಂಡಕ್ಕೆ ಎರಡು ಸಲ ಅಂಗೈಯಿಂದ ತಟ್ಟುತ್ತಿದ್ದ, ಎತ್ತಿನ ಬೆನ್ನು ತಟ್ಟಿದ ಹಾಗೆ.

ಅಕ್ಕ ಅವನ ಎದುರು ನಿಂತು ನೋಡಿ ನೋಡಿ ಅದೇ ಗಂಟು ಕಲಿತಿದ್ದಳು. ಬಲಗೈಯವಳಾದ ಅವಳಿಗೆ ಅದು ಹೇಗೆ ಬಂತೋ. ಒಮ್ಮೆ ನನಗೂ ಕಲಿಸಲು ನೋಡಿದಳು. ಬೆರಳು ಸಿಕ್ಕಿಹಾಕಿಕೊಂಡು ಹುಲ್ಲು ಹರಿಯಿತು. ಮೌಲಾಸಾಬ ಹೊಟ್ಟೆ ಹಿಡಿದು ನಕ್ಕ.

"ಮಾಸ್ತರ, ನಿಮ್ಮ ಕೈಯಾಗ ಬಾಸುಂಡಿ ಮೂಡಸೂ ಛಡಿ ಒಂದ ಬರ್ತೈತಿ. ಗಂಟು ನಿಮ್ಮ ಅಕ್ಕಗ ಬಿಡ್ರಿ."

ಅವನಿಗೆ ಮಕ್ಕಳಾಗಲಿಲ್ಲ. ಒಂದು ವರ್ಷ ಯುಗಾದಿಯ ಸುಮಾರಿಗೆ ಜ್ವರ ಹಿಡಿದು ಮಲಗಿದವನು ಮತ್ತೆ ಏಳಲೇ ಇಲ್ಲ.

ಗಂಡ ಸತ್ತರೆ ನಮ್ಮಲ್ಲಿ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರಬೇಕು. ಮನೆ ಬಿಟ್ಟು ಹೊರಗೆ ಬರುವಂತಿಲ್ಲ. ಅಕ್ಕ ಕೂತಳು. ತೋಟ ಇಬ್ಬರು ಅಣ್ಣತಮ್ಮಂದಿರದು, ನಡುವೆ ಒಂದು ನೀರಿನ ಕಾಲುವೆ. ಅತ್ತ ಮೌಲಾಸಾಬನ ಪಾಲು, ಇತ್ತ ಅವನ ಅಣ್ಣ ಲಾಲಸಾಬನದು. ಮಣ್ಣು ಕೊಟ್ಟ ಮೇಲೆ ಊರ ಗೌಡರ ಎದುರು ಒಂದು ಮಾತಾಯಿತು. ಅಕ್ಕ ಇದ್ದತ್ತನ್ನು ಮರ್ಯಾದೆಯಿಂದ ಮುಗಿಸಲಿ, ಆಮೇಲೆ ಗಂಡನ ಪಾಲಿನ ತೋಟ ಅವಳ ಹೊಟ್ಟೆಗೆ. ಲಾಲಸಾಬ ಗೋಣು ಹಾಕಿದ. ಆದರೆ ಆ ಪಾಲಿಗೆ ಒಬ್ಬ ಆಳನ್ನೂ ಕಳಿಸಲಿಲ್ಲ. ಅವನ ಲೆಕ್ಕ ನನಗೆ ಆಗಲೇ ತಿಳಿದಿತ್ತು. ಅಷ್ಟು ದಿನ ಕಟ್ಟುವವರಿಲ್ಲದಿದ್ದರೆ ಬಳ್ಳಿ ನೆಲಕ್ಕೆ ಬೀಳುತ್ತದೆ, ಆಮೇಲೆ ಅಕ್ಕನ ಕೈಗೆ ಬರೀ ನುಗ್ಗೆ ಗಿಡ ಸಿಗುತ್ತದೆ.

ಬೇಸಿಗೆ ರಜೆಯಲ್ಲಿ ಲಾಲಸಾಬನ ಆಳು ಸಿಂದಗಿಗೆ ಬಂದ. "ಸಾವಕಾರ್ರು ಲಗೂನ ಬರಬೇಕಂದಾರ್ರಿ. ನಿಮ್ಮ ಅಕ್ಕಾರದು ಏನೋ ಆಗೇತಿ" ಎಂದ. ಏನು ಎಂದು ಕೇಳಿದರೆ ನೆಲ ನೋಡಿದ.

ನಾನು ಹೋದಾಗ ಲಾಲಸಾಬ ಕುಡಿಯಲು ನೀರು ಸಹ ಕೊಡದೆ ಸೀದಾ ತೋಟಕ್ಕೆ ಕರೆದುಕೊಂಡು ಹೋದ. ಕಾಲುವೆ ದಾಟಿ ಮೌಲಾಸಾಬನ ಪಾಲಿಗೆ ಬಂದೆವು. ಬಳ್ಳಿ ಬಿದ್ದಿರಲಿಲ್ಲ. ಎದೆಯೆತ್ತರದವರೆಗೆ, ಕೆಲವು ಕಡೆ ತಲೆಯೆತ್ತರದವರೆಗೆ, ಹೊಸ ಕುಡಿಗಳನ್ನು ಯಾರೋ ನಾಜೂಕಾಗಿ ಕಟ್ಟಿದ್ದರು. ಎಲ್ಲ ಗಂಟಿನ ಬಾಲವೂ ಎಡಕ್ಕೆ.

"ನೋಡ್ರಿ ಮಾಸ್ತರ, ಕಣ್ಣ ತುಂಬ ನೋಡ್ರಿ. ಈ ಗಂಟು ಈ ಊರಾಗ ಇಬ್ಬರಿಗೇ ಬರ್ತಿತ್ತು. ಒಬ್ಬಾಂವ ಮಣ್ಣಾಗ ಹೋದ."

"ಯಾರರೆ ಆಳು ಕಲ್ತಿರಬೇಕು."

"ಯಾವ ಆಳು? ಕೂಲಿ ಇಲ್ದ ಕಟ್ಟೂ ಆಳು ನಿಮ್ಮ ಸಿಂದಗ್ಯಾಗ ಅದಾರೇನು? ಇದ್ದತ್ತಿನಾಗ ಹೊಸ್ತಿಲಾ ದಾಟಿ ತ್ವಾಟಕ್ಕ ಬರಾಕತ್ತಾಳ. ಸೂತಕದ ಕೈಲೆ ಬಳ್ಳಿ ಮುಟ್ಟಾಕತ್ತಾಳ. ನಾಳೆ ನನ್ನ ಪಾಲೂ ಕೊಳೀತಂದ್ರ ಯಾರನ್ನ ಕೇಳ್ಲಿ?"

ನಾನು ಮನೆಗೆ ಬಂದು ಅಕ್ಕನ ಕೋಣೆಯ ಪರದೆಯ ಹತ್ತಿರ ಕೂತೆ. ಒಳಗೆ ಅವಳು ಅಕ್ಕಿ ಆರಿಸುತ್ತಿದ್ದ ಸದ್ದು ಬರುತ್ತಿತ್ತು. ವಿಷಯ ಹೇಳಿದೆ. ಸದ್ದು ನಿಂತಿತು.

"ತಮ್ಮಾ, ನಾ ಬಚ್ಚಲಕ್ಕ ಹೋಗಬೇಕಾದ್ರೂ ಅತ್ತಿ ಬೆನ್ನ ಹಿಂದ ಇರ್ತಾರ. ತ್ವಾಟಕ್ಕ ಹ್ಯಾಂಗ ಹೋಗ್ಲಿ? ರೆಕ್ಕಿ ಅದಾವೇನು ನನಗ?" ಎಂದಳು. ಆಮೇಲೆ ದನಿ ಇಳಿಸಿ, "ಬಾಲ ಎಡಕ್ಕ ಐತೇನು? ಖರೇನ?" ಎಂದು ಕೇಳಿದಳು.

"ಖರೇ."

ಒಳಗೆ ಅಕ್ಕಿ ಆರಿಸುವ ಸದ್ದು ಮತ್ತೆ ಶುರುವಾಯಿತು.

ಮರುದಿನ ನಾನೇ ಒಂದು ಉಪಾಯ ಹೂಡಿದೆ. ಬುದ್ಧಿವಂತ ಮಾಸ್ತರ ಅಲ್ಲವೇ? ಅಕ್ಕನ ಕೋಣೆಯಲ್ಲಿ ಅವಳ ಅತ್ತೆ ಮತ್ತು ಲಾಲಸಾಬನ ಹೆಂಡತಿ ಇಡೀ ದಿನ ಕೂರಬೇಕು. ತೋಟದೊಳಗೆ ನಾನು ಕೂರುತ್ತೇನೆ. ಇರುವುದು ಒಂದೇ ಬಾಗಿಲು, ಅದಕ್ಕೆ ಮುಳ್ಳು ಹಚ್ಚಿ ಹೊರಗೆ ಲಾಲಸಾಬ ಕೂರಬೇಕು. ಯಾವನೋ ಆಳು ಕದ್ದು ಬರುತ್ತಿದ್ದರೆ ಸಿಕ್ಕಿಬೀಳುತ್ತಾನೆ, ಮೌಲಾಸಾಬನ ಮೇಲಿನ ಪ್ರೀತಿಗೆ ಮಾಡುತ್ತಿದ್ದೇನೆ ಎನ್ನುತ್ತಾನೆ, ಅಕ್ಕನ ಮಾನ ಉಳಿಯುತ್ತದೆ, ತೋಟವೂ ಉಳಿಯುತ್ತದೆ ಎಂದುಕೊಂಡೆ. ಲಾಲಸಾಬ ಒಪ್ಪಿದ. ಮುಳ್ಳು ಹಚ್ಚುವ ಮೊದಲು ನಾವಿಬ್ಬರೂ ಸಾಲು ಸಾಲು ತಿರುಗಿ ನೋಡಿದೆವು. ಬೇಲಿಯ ಬದಿಯ ಸಾಲಿನಲ್ಲಿ ಹೊಸ ಕುಡಿಗಳು ಇನ್ನೂ ಸಡಿಲವಾಗಿ ತೂಗುತ್ತಿದ್ದವು. "ಇವನ್ನ ನೆಪ್ಪಿಟ್ಕೋರಿ ಮಾಸ್ತರ" ಎಂದು ಅವನೇ ಬೆರಳು ಮಾಡಿ ತೋರಿಸಿದ. ಬಾವಿಯ ಹತ್ತಿರದ ಕಲ್ಲಿನ ತೊಟ್ಟಿಯಲ್ಲಿ ಅವನ ಆಳು ಎಂದಿನಂತೆ ಹುಲ್ಲು ನೆನೆಹಾಕಿ ಹೋಗಿದ್ದ.

ನಾನು ಕಾಲುವೆಯ ಬದುವಿನ ಮೇಲೆ ಕೂತೆ. ಮಧ್ಯಾಹ್ನ ಏರಿತು. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಬೆನ್ನಿಗೆ ತಂಪು. ಎತ್ತು ಬಿಚ್ಚಿದ್ದರಿಂದ ಬಾವಿಯ ಗಾಲಿಯ ಕಿರುಗುಟ್ಟುವಿಕೆ ಇರಲಿಲ್ಲ. ನಿದ್ದೆ ಬಂದಿರಬೇಕು ಎನ್ನುವವರಿಗೆ ಈಗಲೇ ಹೇಳುತ್ತೇನೆ, ಆ ಬದುವಿನ ತುಂಬ ಕೆಂಪಿರುವೆ. ನಾನು ಕಾಲು ಕೆರೆದುಕೊಂಡು ಕೆರೆದುಕೊಂಡು ಸಾಕಾಗಿದ್ದೆ. ಗೊರವಂಕಗಳು ಜಗಳಾಡುತ್ತಿದ್ದವು. ಒಂದು ಮುಂಗುಸಿ ಬಂದು ನನ್ನನ್ನು ನೋಡಿ, ಕೆಲಸಕ್ಕೆ ಬಾರದವನು ಎಂಬಂತೆ ಹೋಯಿತು.

ಆಗ ಬೇಲಿಯ ಬದಿಯ ಸಾಲಿನಿಂದ ಆ ಸದ್ದು ಬಂತು. ಟಪ್, ಟಪ್. ಅಂಗೈಯಿಂದ ಕಾಂಡ ತಟ್ಟಿದ ಸದ್ದು. ಸ್ವಲ್ಪ ಬಿಟ್ಟು, ಒದ್ದೆ ಹುಲ್ಲನ್ನು ಎಳೆದು ಬಿಗಿದಾಗ ಬರುವ ಕಿರ್ ಎಂಬ ದನಿ. ಮತ್ತೆ ಟಪ್, ಟಪ್. ಈ ಸಲ ಒಂದು ಗಿಡ ಆಚೆಗೆ.

ಕಥೆಗಳಲ್ಲಿ ಆಗುವಂಥದ್ದು ಏನೂ ಆಗಲಿಲ್ಲ. ಗಾಳಿ ನಿಲ್ಲಲಿಲ್ಲ, ಹಕ್ಕಿಗಳು ಸುಮ್ಮನಾಗಲಿಲ್ಲ, ನನ್ನ ಮೈಮೇಲೆ ಮುಳ್ಳೂ ಏಳಲಿಲ್ಲ. ಸಿಕ್ಕಿದ ಕಳ್ಳ ಎಂದುಕೊಂಡು ಬದು ಜಿಗಿದು ಓಡಿದೆ. ಸಾಲಿಗೆ ಮುಟ್ಟುವ ಹೊತ್ತಿಗೆ ಸದ್ದು ಆ ಕೊನೆಯಲ್ಲಿತ್ತು. ಆ ಕೊನೆಗೆ ಓಡಿದೆ. ಅಲ್ಲಿ ಬೇಲಿ ಎದೆಗಿಂತ ಎತ್ತರ, ಒತ್ತಾದ ಜಾಲಿಮುಳ್ಳು, ಬೆಕ್ಕು ಸಹ ನುಸುಳಲಾರದು. ಯಾರೂ ಇರಲಿಲ್ಲ. ತಿರುಗಿ ನೋಡಿದೆ. ಬೆಳಿಗ್ಗೆ ತೂಗುತ್ತಿದ್ದ ಕುಡಿಗಳೆಲ್ಲ ಸಾಲಿನುದ್ದಕ್ಕೂ ಕಾಂಡಕ್ಕೆ ಒರಗಿ ನಿಂತಿದ್ದವು. ಗಂಟುಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹತ್ತಿರದ ಒಂದನ್ನು ಮುಟ್ಟಿ ನೋಡಿದೆ. ಹಸಿ ಹುಲ್ಲು, ಹದವಾದ ಬಿಗಿ, ಬಾಲ ಎಡಕ್ಕೆ. ನೆಲದ ಕೆಸರಿನಲ್ಲಿ ನಾನು ಈಗ ಓಡಿ ಬಂದ ಹೆಜ್ಜೆ, ಬೆಳಿಗ್ಗೆ ನಾವಿಬ್ಬರೂ ತಿರುಗಿದ ಹೆಜ್ಜೆ ಬಿಟ್ಟರೆ ಮೂರನೆಯವರದು ಇರಲಿಲ್ಲ.

ಕೂಗಿದೆ. ಲಾಲಸಾಬ ಮುಳ್ಳು ಸರಿಸಿ ಬಂದ. ಮೊದಲನೆಯ ಗಿಡ ನೋಡಿದ, ಎರಡನೆಯದು ನೋಡಿದ. ಅವನ ತುಟಿ ಒಣಗಿದ್ದನ್ನು ನಾನು ನೋಡಿದೆ. "ಯಾ ಅಲ್ಲಾ" ಎಂದು ಒಂದು ಹೆಜ್ಜೆ ಹಿಂದೆ ಸರಿದ. ಅದು ನಟನೆಯಲ್ಲ ಎಂದು ಇವತ್ತಿಗೂ ಹೇಳಬಲ್ಲೆ. ಆದರೆ ಎಂಥ ಮನುಷ್ಯ ನೋಡಿ, ಬಾವಿಯವರೆಗೆ ಬರುವಷ್ಟರಲ್ಲಿ ಅವನ ಮುಖಕ್ಕೆ ರಕ್ತ ತಿರುಗಿ ಬಂದಿತ್ತು.

"ಕಸಬು ಚಲೋ ಕಲ್ತೀರಿ ಮಾಸ್ತರ" ಎಂದ.

ಸಂಜೆ ಗೌಡರ ಕಟ್ಟೆಯಲ್ಲಿ ಜನ ಸೇರಿದರು. ನಾನು ಕೇಳಿದ್ದನ್ನು, ಕಂಡದ್ದನ್ನು ಇದ್ದ ಹಾಗೆ ಹೇಳಿದೆ. ಹೇಳುತ್ತಿರುವಾಗಲೇ ನನ್ನ ಮಾತು ನನಗೇ ಹುಚ್ಚನ ಮಾತಿನಂತೆ ಕೇಳುತ್ತಿತ್ತು. ಲಾಲಸಾಬ ಎದ್ದು ನಿಂತ.

"ಹುಣಸಿ ಗಿಡದ ಕೆಳಗ ಮಗ್ಗಿ ಹೇಳಿಸಿದ ಮಾಸ್ತರ್ರು ಇವರ. ದೆವ್ವ ಅನ್ನೂದ ಇಲ್ಲ ಅಂತ ಜಗತ್ತಿಗೆ ಹೇಳಾವರು. ಇವತ್ತ ಅಕ್ಕನ ಪಾಳಿ ಬಂತಂದ ಕೂಡ್ಲೇ ನನ್ನ ತಮ್ಮ ಗೋರಿಯಿಂದ ಎದ್ದು ಬಂದ್ನಂತ! ಒಳಗ ಇದ್ದಾವರು ಯಾರು? ಇವರೊಬ್ಬರ. ಬಾಗಲಾ ನಾ ಕಾದೀನಿ. ಕಟ್ಟಿದವರು ಯಾರು ಅಂತ ನಾ ಬ್ಯಾರೆ ಹೇಳಬೇಕೇನು?"

ಜನ ನಕ್ಕರು. ಗೌಡರು ಮೀಸೆಯ ಮೇಲೆ ಬೆರಳಾಡಿಸಿ, "ಹಂಗಾರ ಒಂದು ಗಂಟು ಕಟ್ಟಿ ತೋರಸ್ರಿ ಮಾಸ್ತರ" ಎಂದರು. ಹುಲ್ಲು ತಂದರು. ಕಟ್ಟಲು ಹೋದೆ. ಎರಡು ಸಲ ಹರಿಯಿತು, ಮೂರನೆಯ ಸಲ ಬಾಲ ಬಲಕ್ಕೇ ಬಂತು.

"ಬರೂದಿಲ್ಲಂತ ಸೋಗ ಹಾಕೂದು ಯಾರಿಗಿ ಬರೂದಿಲ್ಲ?" ಎಂದ ಲಾಲಸಾಬ. ಮತ್ತೆ ನಗು.

ಅಕ್ಕನ ಅತ್ತೆ, ಪಾಪ ಮುದುಕಿ, ಇದ್ದುದನ್ನು ಇದ್ದ ಹಾಗೆ ಹೇಳಿ ಕಳಿಸಿದ್ದಳು. ಸೊಸೆ ಇವತ್ತೂ ಹೊರಗೆ ಹೋಗಿಲ್ಲ, ಹಿಂದೆಯೂ ಹೋಗಿಲ್ಲ ಎಂದು. ಊರ ಮುಲ್ಲಾಸಾಬರೂ ನೆಟ್ಟಗೆ ಮಾತಾಡಿದರು. "ಸತ್ತಾವರು ಎದ್ದು ಬರೂದಿಲ್ಲ, ಅದು ಖರೇ. ಆದ್ರ ಆಕಿ ಹೊಸ್ತಿಲಾ ದಾಟಿದ್ದ ಕಣ್ಣಿಲೆ ನೋಡಿದವರು ಯಾರರೆ ಅದೀರೇನು? ನೋಡದ ಒಬ್ಬ ಹೆಣ್ಣಮಗಳ ಮ್ಯಾಲ ಮಾತು ಹೊರಸೂದು ದೊಡ್ಡ ಗುನ್ಹೆ" ಎಂದರು. ಯಾರೂ ನೋಡಿರಲಿಲ್ಲ. ಆದರೆ ಯಾರಿಗೂ ನೋಡಿದ್ದು ಬೇಕಾಗಿರಲಿಲ್ಲ.

"ಮುದುಕಿಗಿ ಕಣ್ಣು ಕಾಣೂದಿಲ್ಲ" ಎಂದ ಲಾಲಸಾಬ, ಹೆತ್ತ ತಾಯಿಯ ಬಗ್ಗೆ. "ಇವತ್ತ ಕಟ್ಟಿದಾಂವ ತಮ್ಮ, ಮೊದಲ ಕಟ್ಟಿದಾಕಿ ಅಕ್ಕ. ಇಷ್ಟ ವಿಚಾರ."

ಈಗ ನನ್ನ ಸ್ಥಿತಿ ವಿಚಾರ ಮಾಡಿ. ಸತ್ತವನು ಬರುವುದಿಲ್ಲ ಎಂದರೆ ಅಕ್ಕ ಸುಳ್ಳಿ. ಬಂದ ಎಂದರೆ ನಾನು ಸುಳ್ಳ. ಜೀವಮಾನವಿಡೀ ನಾನು ಹೇಳಿಕೊಂಡು ಬಂದ ಮಾತನ್ನೇ ಹಿಡಿದು ನನ್ನ ಅಕ್ಕನನ್ನು ಹೊಡೆದರು. ಅದು ಸುಳ್ಳು ಎಂದು ಕೂಗಲು ನನ್ನ ಬಾಯಿ ಏಳಲಿಲ್ಲ, ಯಾಕೆಂದರೆ ಆಗಲೂ ಆ ಮಾತೇ ನಿಜವೆಂದು ನನಗೆ ಅನಿಸುತ್ತಿತ್ತು.

ಗೌಡರು ಊರಿಗೆ ಶಾಂತಿ ಬೇಕು ಎಂದರು. ಇಂಥ ಕಡೆ ಶಾಂತಿ ಎಂದರೆ ಯಾರ ಬಾಯಿ ದೊಡ್ಡದೋ ಅವರಿಗೆ ತೋಟ. ಇದ್ದತ್ ಮುಗಿದ ಮೇಲೆ ಹಲೀಮಾ ತವರಿಗೆ ಹೋಗಬೇಕು, ತೋಟದ ಎರಡೂ ಪಾಲು ಲಾಲಸಾಬನೇ ನೋಡಿಕೊಳ್ಳಬೇಕು ಎಂದು ತೀರ್ಮಾನವಾಯಿತು. ಆ ಹೊತ್ತಿಗೆ ಕೋರ್ಟು ಕಚೇರಿ ಅಂತ ನಾನು ಅಂದೆ. ಮಾತು ಅಕ್ಕನ ಕಿವಿಗೆ ಬಿತ್ತು. ಪರದೆಯ ಹಿಂದಿನಿಂದಲೇ ಹೇಳಿದಳು:

"ಬ್ಯಾಡ ತಮ್ಮಾ. ಕೋರ್ಟಿನ್ಯಾಗ ವಕೀಲ ಏನಂತ ಕೇಳ್ತಾನ? ರಾತ್ರಿ ಹೋಗಿದ್ಯೋ ಹಗಲ ಹೋಗಿದ್ಯೋ, ಯಾರ ಜೋಡಿ ಹೋಗಿದ್ದಿ ಅಂತ ಕೇಳ್ತಾನ. ಆ ಮಾತು ಕೇಳೂಕಿಂತ ಎಲಿ ಅವರ ಮಾರಿಕೊಂಡ ತಿನ್ಲಿ."

"ಹಂಗಾರ ಇವತ್ತ ನಡಿ ನನ್ನ ಜೋಡಿ."

"ಈಗ ಬಂದ್ರ ಅವರ ಮಾತು ಖರೇ ಆಗ್ತೈತಿ. ನನ್ನ ದಿನಾ ತುಂಬಲಿ. ಹೊಸ್ತಿಲಾ ದಾಟಲಾರದ ಕುಂತೀನಿ, ದಾಟಲಾರದ ಮುಗಸ್ತೇನಿ."

ಮುಗಿಸಿದಳು. ಉಳಿದ ಅಷ್ಟೂ ದಿನ ಅದೇ ಮನೆಯಲ್ಲಿ, ಅದೇ ಜನರ ಕೈಯ ರೊಟ್ಟಿ ತಿಂದು ಮುಗಿಸಿದಳು. ಲಾಲಸಾಬನ ಹೆಂಡತಿ ರೊಟ್ಟಿಯನ್ನು ಪರದೆಯ ಕೆಳಗಿನಿಂದ ತಳ್ಳುತ್ತಿದ್ದಳಂತೆ. ದಿನ ತುಂಬಿದ ಮರುದಿನ ನಾನು ಹೋಗಿ ಕರೆತಂದೆ. ಒಂದು ಟ್ರಂಕು, ಒಂದು ಕೌದಿ. ಚಕ್ಕಡಿ ತೋಟದ ಮುಂದೆ ಹಾದಾಗ ಅವಳು ಆ ಕಡೆ ಕತ್ತು ಹೊರಳಿಸಲಿಲ್ಲ.

ಆಮೇಲೆ ಆ ತೋಟ ಒಣಗಿತು, ಲಾಲಸಾಬ ಹಾಳಾದ ಎಂದು ನಾನು ಹೇಳಬೇಕೆಂದು ನೀವು ಕಾಯುತ್ತಿರಬಹುದು. ಹಾಗೇನೂ ಆಗಲಿಲ್ಲ. ತೋಟ ನಳನಳಿಸಿತು. ಎಲೆ ವಿಜಾಪುರಕ್ಕೆ ಹೋಯಿತು, ಸೊಲ್ಲಾಪುರಕ್ಕೆ ಹೋಯಿತು. ಲಾಲಸಾಬ ಮನೆಗೆ ಮಾಳಿಗೆ ಏರಿಸಿದ. ಅಕ್ಕ ಬಂದ ಮೇಲೆ ಅಲ್ಲಿ ಆ ಗಂಟು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲವಂತೆ. ಅದಕ್ಕೇ ಊರವರು, "ನೋಡಿದ್ರಿಲ್ಲ, ಆಕಿ ಹೋದ್ಲು, ಗಂಟೂ ನಿಂತೂ" ಎಂದರಂತೆ.

ನಾನು ಎಷ್ಟೋ ಬಗೆಯಲ್ಲಿ ವಿಚಾರ ಮಾಡಿದ್ದೇನೆ. ಲಾಲಸಾಬನೇ ಯಾರಿಗೋ ಆ ಗಂಟು ಕಲಿಸಿ ಮಾಡಿಸಿದ ಎನ್ನೋಣ. ಹಾಗಿದ್ದರೆ ಅವನ ತುಟಿ ಯಾಕೆ ಒಣಗಿತು, ಆ ಕಲಿತವನು ನನ್ನ ಕಣ್ಣೆದುರು ಎಲ್ಲಿ ಕರಗಿದ? ನನಗೆ ಭ್ರಮೆ ಹಿಡಿದಿತ್ತು ಎನ್ನೋಣ. ಭ್ರಮೆ ಸದ್ದು ಕೇಳಿಸಬಹುದು, ಹುಲ್ಲು ನೆನೆಸಿ ಗಂಟು ಹಾಕುತ್ತದೆಯೇ? ಇನ್ನು ಉಳಿದದ್ದು ಒಂದೇ. ಅದನ್ನು ಒಪ್ಪಿದರೆ ಇನ್ನೂ ಕಹಿ. ಸತ್ತ ಮೇಲೂ ಬಳ್ಳಿಯ ಚಿಂತೆ ಬಿಡದೆ ಬಂದ ಆ ಒಳ್ಳೆಯ ಮನುಷ್ಯ, ಹೆಂಡತಿಯ ಪಾಲು ಉಳಿಸಲು ಬಂದವನು, ತನ್ನ ಕೈಯಿಂದಲೇ ಅವಳ ಬದುಕು ಕಿತ್ತು ಅಣ್ಣನ ಉಡಿಗೆ ಹಾಕಿ ಹೋದ.

ಅಕ್ಕ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಹೊಲಿಗೆ ಹಾಕುತ್ತಾಳೆ, ನನ್ನ ಮಕ್ಕಳನ್ನು ಬೆಳೆಸಿದ್ದಾಳೆ. ಊಟವಾದ ಮೇಲೆ ಎಲೆಯಿಲ್ಲದೆ ಏಳದಿದ್ದವಳು ಆ ದಿನದಿಂದ ಎಲೆ ಬಾಯಿಗೆ ಹಾಕಿಲ್ಲ. ತಾಟು ಬಂದರೆ ಮುಟ್ಟದೆ ಮುಂದಿನವರ ಕಡೆ ಸರಿಸುತ್ತಾಳೆ. ಆ ಮಾತನ್ನು ನಾವಿಬ್ಬರೂ ಎತ್ತುವುದಿಲ್ಲ. ಒಂದೇ ಒಂದು ಸಲ ಎತ್ತಿದಳು. ಮಳೆಗಾಲದ ಒಂದು ಬೆಳಿಗ್ಗೆ ನಾನು ಶಾಲೆಗೆ ಹೊರಟು ಕೊಡೆ ಹುಡುಕುತ್ತಿದ್ದೆ. ಸೂಜಿಗೆ ದಾರ ಪೋಣಿಸುತ್ತ, ಮುಖ ಎತ್ತದೆ ಕೇಳಿದಳು:

"ಆ ದಿನಾ ಗಂಟು ಮುಟ್ಟಿ ನೋಡಿದಿ ಅಂದಿದ್ದಿ ಅಲ್ಲ?"

"ಹೌದು ನೋಡೀನಿ."

"ಆಗಷ್ಟ ಕೈ ಬಿಟ್ಟಾಂಗ ಬೆಚ್ಚಗಿತ್ತೋ, ತಣ್ಣಗಿತ್ತೋ?"

ನೀರಲ್ಲಿ ನೆನೆದ ಹುಲ್ಲು. ನಾನು ಇದ್ದುದನ್ನೇ ಹೇಳಿದೆ. "ತಣ್ಣಗಿತ್ತು."

ಅವಳು ದಾರದ ತುದಿಯನ್ನು ಹಲ್ಲಿನಿಂದ ಕಡಿದು, ಹೊಲಿಯಲು ಶುರು ಮಾಡಿದಳು. ನಾನು ಎಷ್ಟೋ ಹೊತ್ತು ಕೊಡೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಅವಳಿಗೆ ಯಾವ ಉತ್ತರ ಬೇಕಾಗಿತ್ತು ಎಂಬುದು ನನಗೆ ಇಂದಿಗೂ ತಿಳಿದಿಲ್ಲ.